ಲಾನ್ ಪೂರ್ತಿ ಕಿತ್ತು ಹಾಕಬೇಕೇ?

ಪ್ರಶ್ನೆ: ಮನೆ ಕಟ್ಟಿಸಿದಾಗ ಮುಂದಿನ ಜಾಗಕ್ಕೆ ಮೆಕ್ಸಿಕನ್ ಹುಲ್ಲಿನ ಹಾಸು ತರಿಸಿ ಹಾಕಿಸಿದ್ದೆವು. ಎರಡು ವರ್ಷದಲ್ಲೇ ಅಲ್ಲಲ್ಲಿ ಬೋಳಾಗಿದೆ. ಗೇಟಿನ ಹತ್ತಿರ, ಮಾವಿನ ಮರದ ಕೆಳಗೆ ಬರೀ ಮಣ್ಣು. ದಿನಾ ನೀರು ಹಾಯಿಸುತ್ತೇವೆ, ಯೂರಿಯಾನೂ ಹಾಕಿದ್ದೇವೆ. ಎಲ್ಲ ಕಿತ್ತು ಹೊಸದು ಹಾಕಿಸಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಈಗಿನ ಹುಲ್ಲು ಯಾಕೆ ಹೋಯಿತೆಂದು ತಿಳಿಯದೆ ಹೊಸದು ಹಾಕಿಸಿದರೆ ಅದಕ್ಕೂ ಇದೇ ಗತಿ.

ನೀರು ಹಾಯಿಸಿದ ಮರುದಿನ ಬೋಳು ಜಾಗದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಎರಡು ಇಂಚಿಗೇ ನಿಂತುಬಿಟ್ಟರೆ ತೊಂದರೆ ಇರುವುದು ಮಣ್ಣಿನಲ್ಲಿ. ಹೊಸ ಮನೆಗಳ ಮುಂದೆ ಬಹಳಷ್ಟು ಸಲ ಇದೇ ಕಥೆ. ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟಿನ ಮೇಲೆ ಒಂದಿಷ್ಟು ಕೆಂಪು ಮಣ್ಣು ಹರಡಿ, ಅದರ ಮೇಲೆ ಹಾಸು ಬಿಡಿಸಿ ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ. ಬೇರು ಇಳಿಯುವುದಾದರೂ ಎಲ್ಲಿಗೆ?

ಮುಂಗಾರು ಶುರುವಾದ ಮೇಲೆ ಆ ತುಂಡು ಜಾಗವನ್ನಷ್ಟೇ ಒಂದು ಗೇಣು ಅಗೆಯಿರಿ. ಕಲ್ಲುಮಣ್ಣು ಆರಿಸಿ ತೆಗೆದು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ, ತುಳಿದು ಮಟ್ಟ ಮಾಡಿ. ಹುಲ್ಲು ಕೊಳ್ಳಬೇಕಾಗಿಲ್ಲ. ನಿಮ್ಮದೇ ಲಾನಿನ ಸೊಂಪಾದ ಅಂಚಿನಿಂದ ಬೇರು ಸಮೇತ ಎಳೆಗಳನ್ನು ಕಿತ್ತು, ಮೂರು ಮೂರು ಇಂಚಿಗೆ ಒಂದರಂತೆ ನೆಡಿ. ಮೆಕ್ಸಿಕನ್ ಹುಲ್ಲು ನಿಧಾನಿ, ಗರಿಕೆಯಷ್ಟು ಬೇಗ ಹಬ್ಬುವುದಿಲ್ಲ. ಅಲ್ಲಿಯವರೆಗೆ ಯಾರೂ ತುಳಿಯದಂತೆ ದಾರ ಕಟ್ಟಿ.

ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ, ಬೋಳಿನ ಅಂಚಿನ ಹುಲ್ಲನ್ನು ಹಿಡಿದು ಎಳೆಯಿರಿ. ಬೇರೇ ಇಲ್ಲದೆ ಕೈಗೆ ಬಂದು, ಕೆಳಗೆ ಮುದುರಿ ಮಲಗಿದ ಬಿಳಿ ಹುಳು ಕಂಡರೆ ಅದು ಗೊಣ್ಣೆ ಹುಳು. ಬೇರು ತಿನ್ನುವುದೇ ಅದರ ಕೆಲಸ. ಮಣ್ಣು ಕೆದಕಿ ಹುಳು ಆರಿಸಿ, ಬೇವಿನ ಹಿಂಡಿ ಬೆರೆಸಿ ಆಮೇಲೆ ನೆಡಿ.

ಮಾವಿನ ಮರದ ಕೆಳಗಿನ ಆಸೆ ಬಿಡಿ. ಅಷ್ಟು ದಟ್ಟ ನೆರಳಿನಲ್ಲಿ ಯಾವ ಲಾನ್ ಹುಲ್ಲೂ ಬಾಳುವುದಿಲ್ಲ. ಉದುರಿದ ಎಲೆಯನ್ನೇ ಅಲ್ಲಿ ಹರಡಿ, ಮರಕ್ಕೂ ಒಳ್ಳೆಯದು.

ದಿನಾ ನೀರು ಚಿಮುಕಿಸುವುದನ್ನೂ ನಿಲ್ಲಿಸಿ. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಬೇರು ಕೆಳಗಿಳಿಯುವ ಗೋಜಿಗೇ ಹೋಗುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೆ ಸುಮಾರು 25 ಮಿ.ಮೀ. ನೀರನ್ನು ಎರಡು ಸಲಕ್ಕೆ ಹಂಚಿ, ಬೆಳಿಗ್ಗೆ ಹೊತ್ತು ಕೊಡಿ. 20x30 ಅಡಿಯ ಲಾನಿಗೆ ಅದು ವಾರಕ್ಕೆ ಸುಮಾರು 1,400 ಲೀಟರ್. (ಲಾನ್ ದೊಡ್ಡದು ಮಾಡುವ ಯೋಚನೆಯಿದ್ದರೆ ಈ ಲೆಕ್ಕವನ್ನು ಮೊದಲು ಮನೆಯವರಿಗೆ ತೋರಿಸಿ.) ಯೂರಿಯಾದಲ್ಲಿ ಸಾರಜನಕವೇ 46%. ಒಣ ಹುಲ್ಲಿನ ಮೇಲೆ ಬಿಸಿಲಿನಲ್ಲಿ ಎರಚಿದರೆ ಸುಡುತ್ತದೆ. ಬೋಳಾದ ಕಡೆ ಅದನ್ನು ಹಾಕಿ ಏನೂ ಪ್ರಯೋಜನವಿಲ್ಲ. ಕತ್ತರಿಸುವಾಗ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಇನ್ನು ಗೇಟಿನ ಹತ್ತಿರ. ದಿನಾ ಸ್ಕೂಟರ್ ಹತ್ತಿಸುವುದು ಅಲ್ಲೇ ಆಗಿದ್ದರೆ ಅಗೆಯುವ ಶ್ರಮವೂ ದಂಡ. ಎರಡು ಸಾಲು ಕಲ್ಲು ಚಪ್ಪಡಿ ಹಾಕಿಸಿ, ಹುಲ್ಲು ಅದರಾಚೆಗೆ ಇರಲಿ.