ಯಕೃತ್ತಿನ ರಚನೆ ಮತ್ತು ಅದರ ವಿಸರ್ಜನಾ ಕಾರ್ಯ

ವಿಸರ್ಜನಾಂಗಗಳನ್ನು ಹೆಸರಿಸಿರೆಂದು ತರಗತಿಯಲ್ಲಿ ಕೇಳಿದರೆ, ಮೂತ್ರಪಿಂಡ, ಶ್ವಾಸಕೋಶ, ಚರ್ಮ ಎಂದು ವಿದ್ಯಾರ್ಥಿಗಳು ತಡವಿಲ್ಲದೆ ಉತ್ತರಿಸುತ್ತಾರೆ. ಯಕೃತ್ತಿನ ಹೆಸರು ಬರುವುದು ಅಪರೂಪ. ಜೀರ್ಣಕ್ರಿಯೆಯ ಪಾಠದಲ್ಲಿಯೇ ಅದನ್ನು ಓದಿ ಮುಗಿಸಿದೆವೆಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಮೂತ್ರಪಿಂಡಗಳು ಹೊರಹಾಕುವ ಮುಖ್ಯ ಕಲ್ಮಷವಾದ ಯೂರಿಯಾ ತಯಾರಾಗುವುದು ಮೂತ್ರಪಿಂಡಗಳಲ್ಲಲ್ಲ, ಯಕೃತ್ತಿನಲ್ಲಿ. ಈ ಸಂಗತಿಯನ್ನು ಅರಿತವರಿಗೆ ಕಾಮಾಲೆಯಂತಹ ರೋಗದ ಸ್ವರೂಪವೂ ಸುಲಭವಾಗಿ ತಿಳಿಯುತ್ತದೆ.

ರಚನೆ

ಪಿತ್ತಜನಕಾಂಗವೆಂದೂ ಕರೆಯಲಾಗುವ ಯಕೃತ್ತು ಉದರದ ಮೇಲ್ಭಾಗದಲ್ಲಿ, ಬಹುಪಾಲು ಬಲಗಡೆಗೆ, ವಪೆಯ ಕೆಳಗೆ ಪಕ್ಕೆಲುಬುಗಳ ಆಸರೆಯಲ್ಲಿದೆ. ವಯಸ್ಕರಲ್ಲಿ ಸುಮಾರು 1.5 ಕಿಲೋಗ್ರಾಂ ತೂಗುವ ಈ ಕೆಂಗಂದು ಬಣ್ಣದ ಅಂಗವು ದೇಹದ ಅತಿ ದೊಡ್ಡ ಗ್ರಂಥಿ. ಇದರ ಬಲ ಹಾಲೆ ದೊಡ್ಡದು, ಎಡ ಹಾಲೆ ಚಿಕ್ಕದು. ಬಲ ಹಾಲೆಯ ತಳಭಾಗಕ್ಕೆ ಹೊಂದಿಕೊಂಡು ಪಿತ್ತಕೋಶವಿದೆ.

ಯಕೃತ್ತಿನ ವೈಶಿಷ್ಟ್ಯವಿರುವುದು ಅದರ ರಕ್ತ ಪೂರೈಕೆಯಲ್ಲಿ. ಯಕೃತ್ ಧಮನಿಯು ಹೃದಯದಿಂದ ಬಂದ ಆಮ್ಲಜನಕಯುಕ್ತ ರಕ್ತವನ್ನು ತರುತ್ತದೆ. ಪೋರ್ಟಲ್ ಅಭಿಧಮನಿಯು ಜಠರ, ಕರುಳು ಮತ್ತು ಗುಲ್ಮಗಳಿಂದ ರಕ್ತವನ್ನು ತರುತ್ತದೆ. ನಿಮಿಷಕ್ಕೆ ಬರುವ ಸುಮಾರು 1.5 ಲೀಟರ್ ರಕ್ತದಲ್ಲಿ ಮುಕ್ಕಾಲು ಪಾಲು ಈ ಎರಡನೆಯ ಮಾರ್ಗದ್ದು. ಸುಂಕದ ಕಟ್ಟೆಯನ್ನು ದಾಟದೆ ಸರಕು ಪೇಟೆಯನ್ನು ಸೇರದಿದ್ದಂತೆ, ಕರುಳಿನಿಂದ ರಕ್ತಕ್ಕಿಳಿದ ಸಕ್ಕರೆ, ಅಮೈನೊ ಆಮ್ಲ, ಔಷಧ, ವಿಷ ಎಲ್ಲವೂ ಮೊದಲು ಇಲ್ಲಿ ಪರೀಕ್ಷೆಗೊಳಗಾಗುತ್ತವೆ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸುಮಾರು ಒಂದು ಮಿಲಿಮೀಟರ್ ಅಗಲದ, ಆರು ಮೂಲೆಗಳ ಅಸಂಖ್ಯ ಕಿರುಹಾಲೆಗಳು ಕಾಣುತ್ತವೆ. ಪ್ರತಿಯೊಂದರ ನಡುವೆ ಒಂದು ಅಭಿಧಮನಿ. ಅದರ ಸುತ್ತ ಗಾಡಿಯ ಚಕ್ರದ ಅರಗಳಂತೆ ಜೀವಕೋಶಗಳ ಸಾಲುಗಳು. ರಕ್ತವು ಅಂಚಿನಿಂದ ನಡುವಿಗೆ ಹರಿದರೆ, ಪಿತ್ತರಸವು ಬೇರೆ ನಾಳಗಳಲ್ಲಿ ನಡುವಿನಿಂದ ಅಂಚಿಗೆ ಹರಿಯುತ್ತದೆ. ರಕ್ತದ ಹಾದಿಯಲ್ಲಿ ನೆಲೆಸಿರುವ ಕುಪ್ಫರ್ ಕೋಶಗಳು ರೋಗಾಣುಗಳನ್ನೂ ಸವೆದ ಕೆಂಪು ರಕ್ತಕಣಗಳನ್ನೂ ನುಂಗಿಹಾಕುತ್ತವೆ.

ಯೂರಿಯಾದ ತಯಾರಿಕೆ

ನಾವು ಉಂಡ ಬೇಳೆಕಾಳುಗಳಲ್ಲಿನ ಪ್ರೋಟೀನು ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಮಿಕ್ಕ ಅಮೈನೊ ಆಮ್ಲಗಳನ್ನು ಕೂಡಿಡಲು ದೇಹದಲ್ಲಿ ಕಣಜವಿಲ್ಲ. ಅವು ವಿಭಜನೆಗೊಂಡಾಗ ಅಮೋನಿಯ ಹುಟ್ಟುತ್ತದೆ. ಇದು ಮೆದುಳಿಗೆ ವಿಷ. ಯಕೃತ್ತು ಅಮೋನಿಯವನ್ನು ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿಸಿ, ಹೆಚ್ಚು ಅಪಾಯವಿಲ್ಲದ, ನೀರಿನಲ್ಲಿ ಕರಗುವ ಯೂರಿಯಾವನ್ನಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಈ ಕ್ರಿಯೆಯ ಚಕ್ರವನ್ನು 1932ರಲ್ಲಿ ಜರ್ಮನಿಯ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ಅವರು ಇಲಿಯ ಯಕೃತ್ತಿನ ತೆಳುಹೋಳುಗಳ ಮೇಲೆ ಪ್ರಯೋಗ ನಡೆಸಿ ತೋರಿಸಿಕೊಟ್ಟರು. ಬಾವಿಯ ಕೊಡವು ನೀರನ್ನು ಸುರಿದು ಮತ್ತೆ ಬಾವಿಗಿಳಿಯುವಂತೆ, ಆರ್ನಿಥೀನ್ ಎಂಬ ಅಮೈನೊ ಆಮ್ಲವು ಈ ಚಕ್ರದಲ್ಲಿ ಮತ್ತೆ ಮತ್ತೆ ಬಳಕೆಯಾಗುತ್ತದೆ.

ಪಿತ್ತರಸದ ಮೂಲಕ ವಿಸರ್ಜನೆ

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು. ಅದು ಅಳಿದಾಗ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ದೇಹವು ಉಳಿಸಿಕೊಳ್ಳುತ್ತದೆ. ಉಳಿದ ವರ್ಣಭಾಗವು ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ನೀರಿನಲ್ಲಿ ಕರಗದ ಇದನ್ನು ಯಕೃತ್ತು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ, ಕರಗುವಂತೆ ಮಾಡಿ, ಪಿತ್ತರಸದಲ್ಲಿ ಕರುಳಿಗೆ ಕಳುಹಿಸುತ್ತದೆ. ಅಲ್ಲಿಯ ಬ್ಯಾಕ್ಟೀರಿಯಗಳಿಂದ ರೂಪಾಂತರ ಹೊಂದಿ ಇದೇ ಮಲಕ್ಕೆ ಕಂದು ಬಣ್ಣ ಕೊಡುತ್ತದೆ. ಹೆಚ್ಚಿನ ಕೊಲೆಸ್ಟರಾಲ್ ಮತ್ತು ಅನೇಕ ಔಷಧಗಳ ಶೇಷವೂ ಇದೇ ದಾರಿಯಲ್ಲಿ ಹೊರಬೀಳುತ್ತವೆ.

ಕಾಮಾಲೆ ಕಲಿಸುವ ಪಾಠ

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆಯುಂಟು. ವಾಸ್ತವದಲ್ಲಿ ಹಳದಿಯಾಗುವುದು ಲೋಕವಲ್ಲ, ರೋಗಿಯ ಕಣ್ಣು ಮತ್ತು ಚರ್ಮ. ಬಿಲಿರುಬಿನ್ ರಕ್ತದಲ್ಲಿ ಉಳಿದುದೇ ಇದರ ಕಾರಣ. ಪಿತ್ತನಾಳ ಕಟ್ಟಿಕೊಂಡರೆ ಮಲವು ಬಿಳಿಚಿಕೊಂಡು ಮೂತ್ರವು ಕಡುಬಣ್ಣ ತಾಳುತ್ತದೆ. ಆದ್ದರಿಂದ ಕಾಮಾಲೆಯು ಒಂದು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಕಾರಣವನ್ನು ಅರಸದೆ ಬರೆ ಹಾಕಿಸುವುದರಿಂದ ಗಾಯವಾಗುತ್ತದೆ, ಅಮೂಲ್ಯ ಸಮಯವೂ ಕಳೆಯುತ್ತದೆ. ಕಾಮಾಲೆಯ ರೋಗಿಯಲ್ಲಿ ಅತಿ ಮಂಪರು ಅಥವಾ ಮಾತಿನ ಗೊಂದಲ ಕಂಡರೆ, ಅಮೋನಿಯವೇ ಮೊದಲಾದ ವಿಷವಸ್ತುಗಳು ಮೆದುಳನ್ನು ಬಾಧಿಸುತ್ತಿರಬಹುದು. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸತಕ್ಕದ್ದು.

1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ಕೊಳಚೆ ಬೆರೆತು, ಸುಮಾರು 29,000 ಮಂದಿ ಕಾಮಾಲೆಗೆ ತುತ್ತಾದರು. ಅದು ಹೆಪಟೈಟಿಸ್ ಇ ವೈರಸ್ಸಿನ ಹಾವಳಿಯೆಂದು ಮುಂದೆ ತಿಳಿದುಬಂತು. ನೂರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತೊಟ್ಟಿಯ ನೀರು ಕುಡಿಯುವ ವಿದ್ಯಾರ್ಥಿನಿಲಯಗಳಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಯಕೃತ್ತು ತನ್ನ ಒಂದು ಭಾಗ ನಷ್ಟವಾದರೂ ಮತ್ತೆ ಬೆಳೆಯಬಲ್ಲದು; ಆದರೆ ಅದರ ತಾಳ್ಮೆಗೂ ಮಿತಿಯುಂಟು. ಕುದಿಸಿದ ನೀರು, ಶುಚಿಯಾದ ಕೈ, ಮದ್ಯದಿಂದ ದೂರವಿರುವ ಬಾಳು, ಹುಟ್ಟಿದ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಇವೇ ಅದರ ರಕ್ಷಣೆ. ಪಾಠದ ಚಿತ್ರ ಬಿಡಿಸುವುದರ ಜೊತೆಗೆ ನಿಲಯದ ನೀರಿನ ತೊಟ್ಟಿಯನ್ನೂ ಇಣುಕಿ ನೋಡುವ ಅಭ್ಯಾಸವನ್ನು ಮಕ್ಕಳಲ್ಲಿ ಮೂಡಿಸಿದರೆ, ಈ ಪಾಠವನ್ನು ಕಲಿಸಿದ್ದು ಸಾರ್ಥಕವಾಗುತ್ತದೆ.