ಹಾಸಿಗೆಗೂ ಒಂದು ಅಂಗಿ

ಮಕ್ಕಳೇ, ನಮ್ಮ ಮನೆಗೆ ಪುಟ್ಟ ಪಾಪು ಬಂದಾಗ ನಾನು ಪೇಟೆಯಿಂದ ನುಣುಪಾದ ರೆಕ್ಸಿನ್ ಗೌಸು ತಂದು ಹಾಸಿಗೆಗೆ ತೊಡಿಸಿದೆ. ಪಾಪು ಉಚ್ಚೆ ಹೊಯ್ದರೂ ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಒರೆಸಿದರೆ ಆಯಿತು! ಆದರೆ ಬೇಸಿಗೆ ಬಂದಾಗ ಅದರ ಬೆನ್ನ ತುಂಬ ಬೆವರುಸಾಲೆ ಎದ್ದಿತು. ರಾತ್ರಿಯೆಲ್ಲ ಅಳು. ಎಂ.ಎಸ್ಸಿ. ಓದಿದ ನನಗೆ ಹೊಳೆಯದ್ದು ನಮ್ಮ ತಾಯಿಗೆ ಹೊಳೆಯಿತು. ರೆಕ್ಸಿನ್ ಕಿತ್ತು ಹಳೆಯ ಹತ್ತಿ ಸೀರೆಗಳ ಕೌದಿ ಹಾಸಿದರು. ಕೆಲವೇ ದಿನಗಳಲ್ಲಿ ಗುಳ್ಳೆಗಳು ಮಾಯವಾದವು.

ಇದೇಕೆ ಹೀಗೆ? ನೀವೇ ಮಾಡಿ ನೋಡಿ. ಒಂದು ಕೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಇನ್ನೊಂದನ್ನು ಹತ್ತಿ ಬಟ್ಟೆಯ ಚೀಲದಲ್ಲಿ ಹತ್ತು ನಿಮಿಷ ಇಡಿ. (ಚೀಲವನ್ನು ತಲೆಗೆ, ಮುಖಕ್ಕೆ ಎಂದೂ ಹಾಕಬಾರದು.) ಪ್ಲಾಸ್ಟಿಕ್‌ನೊಳಗಿನ ಕೈ ಜಿಗುಟಾಗಿರುತ್ತದೆ. ನಮ್ಮ ಚರ್ಮದಿಂದ ಸದಾ ನೀರಿನ ಆವಿ ಹೊರಡುತ್ತದೆ. ಹತ್ತಿಯ ಎಳೆಯಲ್ಲಿರುವ ಸೆಲ್ಯುಲೋಸ್ ಆ ತೇವವನ್ನು ಹೀರಿಕೊಳ್ಳುತ್ತದೆ, ಎಳೆಗಳ ನಡುವಿನ ಸಂದಿಗಳು ಆವಿಯನ್ನು ಹೊರಬಿಡುತ್ತವೆ. ಪ್ಲಾಸ್ಟಿಕ್‌ಗೆ ಈ ಎರಡೂ ಬಾರದು.

ಇನ್ನೊಂದು ಸಂಗತಿ. ಇಂಥ ಗೌಸುಗಳು ಹೆಚ್ಚಾಗಿ ಪಿ.ವಿ.ಸಿ. ಲೇಪನದವು. ಪಿ.ವಿ.ಸಿ. ಸ್ವಭಾವತಃ ಗಟ್ಟಿ. ನೀರಿನ ಪೈಪು ನೋಡಿದ್ದೀರಲ್ಲ, ಅದೂ ಪಿ.ವಿ.ಸಿ.ಯೇ! ಅದನ್ನು ಮೆದುಗೊಳಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವುದುಂಟು. ಇವು ಪ್ಲಾಸ್ಟಿಕ್‌ಗೆ ಬಿಗಿಯಾಗಿ ಬೆಸೆದುಕೊಳ್ಳುವುದಿಲ್ಲ, ನಿಧಾನವಾಗಿ ಹೊರಬರುತ್ತವೆ. ಕೆಲವು ಥ್ಯಾಲೇಟ್‌ಗಳು ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸಬಲ್ಲವು. ಐರೋಪ್ಯ ಒಕ್ಕೂಟವು 1999ರಲ್ಲಿ, ಮೂರು ವರ್ಷದೊಳಗಿನ ಮಕ್ಕಳು ಬಾಯಿಗಿಡುವ ಮೆದು ಪಿ.ವಿ.ಸಿ. ಆಟಿಕೆಗಳಲ್ಲಿ 6 ಬಗೆಯ ಥ್ಯಾಲೇಟ್‌ಗಳನ್ನು ನಿಷೇಧಿಸಿತು. ಹೊಸ ಗೌಸಿನ ವಾಸನೆ ಹೋದರೆ ಎಲ್ಲವೂ ಹೋಯಿತು ಎಂದುಕೊಳ್ಳಬೇಡಿ. ಥ್ಯಾಲೇಟ್‌ಗಳಿಗೆ ಹೆಚ್ಚು ವಾಸನೆಯೇ ಇಲ್ಲ.

ಹಾಗಾದರೆ ಗೌಸೇ ಬೇಡವೇ? ಬೇಕು. ಹಾಸಿಗೆಯಲ್ಲಿ ನಮ್ಮ ಚರ್ಮದ ಹೊಟ್ಟು ತಿಂದು ಬದುಕುವ ಧೂಳುನುಸಿಗಳಿರುತ್ತವೆ. ಉದ್ದ ಸುಮಾರು 0.3 ಮಿ.ಮೀ., ಕಾಲು ಎಂಟು, ಜೇಡನ ದೂರದ ನೆಂಟರು. ಇವುಗಳ ಹಿಕ್ಕೆ ಕೆಲವರಲ್ಲಿ ಸೀನು, ಉಬ್ಬಸ ತರುತ್ತದೆ. ಒತ್ತಾಗಿ ನೇಯ್ದ ಹತ್ತಿಯ ಗೌಸು ಹಾಕಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ಇವುಗಳ ಕಾಟ ತಗ್ಗುತ್ತದೆ. ನೀರು 60 ಡಿಗ್ರಿ ಸೆಲ್ಸಿಯಸ್ ಇದ್ದರೆ ನುಸಿಗಳು ಸಾಯುತ್ತವೆ. ಆ ಬಿಸಿ ಕೈ ಸುಡುತ್ತದೆ, ಅದು ದೊಡ್ಡವರ ಕೆಲಸ.

ಹತ್ತಿಯ ಒಂದೇ ಪದರ ಉಚ್ಚೆಯನ್ನು ತಡೆಯದು, ನಿಜ. ಅದಕ್ಕೇ ಕೌದಿಯ ಹಲವು ಪದರ. ಅದರ ಕೆಳಗೆ ಕುರಿಯ ಉಣ್ಣೆಯ ಕಂಬಳಿ ಹಾಸಿದರೆ ಇನ್ನೂ ಒಳ್ಳೆಯದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಂಬಳಿ ಒಣಗಿಸುವುದು ಹೇಗೆ ಎಂದು ಅಲ್ಲಿನ ಅಮ್ಮಂದಿರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಗ ಪ್ಲಾಸ್ಟಿಕ್ ಹಾಳೆಯನ್ನು ಅಡಿಗೆ ಹಾಕಿ, ಮೇಲೆ ದಪ್ಪ ಹತ್ತಿ ಬಟ್ಟೆ ಹಾಸುವುದೇ ದಾರಿ.

ಮನೆಯಲ್ಲಿ ಹತ್ತಿ, ಪಾಲಿಯೆಸ್ಟರ್, ರೆಕ್ಸಿನ್ ತುಂಡುಗಳಿದ್ದರೆ ಒಂದೊಂದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಇಂಗಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆದುಕೊಳ್ಳಿ. ಹೊಸ ಬಟ್ಟೆಯಾದರೆ ಮೊದಲು ಒಗೆಯಿರಿ. ಗಂಜಿ ಇದ್ದರೆ ಹತ್ತಿಯೂ ನಿಮ್ಮನ್ನು ಮೋಸಗೊಳಿಸೀತು!