‘ಜಮೈಕಾ ಇನ್’ ಓದಿ ಏನನ್ನಿಸಿತು? ಕಾದಂಬರಿ ಬಗ್ಗೆ ಕನ್ನಡದಲ್ಲಿ ಅಭಿಪ್ರಾಯ ಹೇಳುವ ಪಾಠ

ಒಂದು ಕಾದಂಬರಿ ಓದಿ ಮುಗಿಸಿ ನಾವೆಲ್ಲ ಸೇರಿದಾಗ ಮೊದಲ ಸುತ್ತಿನಲ್ಲಿ ಬರೋ ಅಭಿಪ್ರಾಯಗಳು ಸಾಮಾನ್ಯವಾಗಿ ಮೂರೇ: ‘ಚೆನ್ನಾಗಿದೆ’, ‘ಸ್ವಲ್ಪ ಸ್ಲೋ’, ‘ಎಂಡಿಂಗ್ ಇಷ್ಟ ಆಗ್ಲಿಲ್ಲ’. ಡ್ಯಾಫ್ನಿ ಡು ಮೋರಿಯೇ 1936ರಲ್ಲಿ ಪ್ರಕಟಿಸಿದ ‘ಜಮೈಕಾ ಇನ್’ ವಿಷಯದಲ್ಲೂ ಹಾಗೇ ಆಯಿತು. ಇಂಗ್ಲಿಷಿನಲ್ಲಿ ಓದಿದ ಪುಸ್ತಕದ ಬಗ್ಗೆ ಕನ್ನಡದಲ್ಲಿ ಮಾತಾಡೋಕೆ ಹೊರಟಾಗ ಪದ ಸಿಗದೆ ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಈ ಪಾಠ ಅಲ್ಲಿಂದ ಮುಂದಕ್ಕೆ ಹೋಗೋರಿಗೆ. ಒಂದು ಎಚ್ಚರಿಕೆ: ಕಥೆಯ ಗುಟ್ಟು ಇಲ್ಲಿ ಪೂರ್ತಿ ಬಯಲಾಗುತ್ತೆ. ಪುಸ್ತಕ ಓದಿಲ್ಲದಿದ್ದರೆ ಓದಿಕೊಂಡು ಬನ್ನಿ, ಪಾಠ ಎಲ್ಲಿಗೂ ಓಡಿಹೋಗಲ್ಲ.

ಕಥೆ ನಡೆಯೋದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, 19ನೇ ಶತಮಾನದ ಆರಂಭದಲ್ಲಿ. ತಾಯಿ ಸತ್ತ ಮೇಲೆ 23 ವರ್ಷದ ಮೇರಿ ಯೆಲ್ಲನ್ ತನ್ನ ಊರಾದ ಹೆಲ್‌ಫರ್ಡ್ ಬಿಟ್ಟು, ತಾಯಿಯ ಸೋದರಿ ಪೇಷನ್ಸ್ ಇರುವ ಜಮೈಕಾ ಇನ್‌ಗೆ ಬರುತ್ತಾಳೆ. ಬಾಡ್ಮಿನ್ ಮೂರ್ ಎಂಬ ಬರಡು ಬಯಲಿನ ನಡುವೆ ಇರುವ ಈ ತಂಗುಮನೆಗೆ ಪ್ರಯಾಣಿಕರು ಯಾರೂ ಬರುವುದಿಲ್ಲ. ರಾತ್ರಿ ಹೊತ್ತು ಗಾಡಿಗಳು ಮಾತ್ರ ಬರುತ್ತವೆ. ಪೇಷನ್ಸಳ ಗಂಡ ಜಾಸ್ ಮರ್ಲಿನ್ ಕುಡುಕ, ಒರಟ. ಅವನು ಕಳ್ಳಸಾಗಣೆ ಮಾಡುತ್ತಿದ್ದಾನೆ ಅಂತ ಮೇರಿಗೆ ಬೇಗ ಗೊತ್ತಾಗುತ್ತೆ. ಹಡಗುಗಳನ್ನು ಸುಳ್ಳು ದೀಪ ತೋರಿಸಿ ಬಂಡೆಗೆ ಬಡಿಸಿ, ಈಜಿ ದಡಕ್ಕೆ ಬಂದವರನ್ನೂ ಕೊಲ್ಲುತ್ತಾನೆ ಅನ್ನೋದು ಅವನೇ ಕುಡಿದು ಬಾಯಿಬಿಟ್ಟಾಗ ತಿಳಿಯುತ್ತೆ. ಜಾಸ್‌ಗೆ ಜೆಮ್ ಅಂತ ಒಬ್ಬ ತಮ್ಮ. ಕುದುರೆ ಕಳ್ಳ, ನಗುಮುಖದವನು. ಮೇರಿಗೆ ಅವನ ಮೇಲೆ ಮನಸ್ಸಾಗುತ್ತೆ. ಇನ್ನೊಬ್ಬ, ಆಲ್ಟರ್‌ನನ್ ಊರಿನ ಪಾದ್ರಿ ಫ್ರಾನ್ಸಿಸ್ ಡೇವಿ. ದಾರಿ ತಪ್ಪಿದ ಮೇರಿಯನ್ನು ಮನೆಗೆ ಕರೆದುಕೊಂಡು ಹೋಗಿ, ಬೆಂಕಿಯ ಪಕ್ಕ ಕೂರಿಸಿ, ಅವಳು ಹೇಳೋದನ್ನೆಲ್ಲ ಮೆತ್ತಗೆ ಕೇಳಿಸಿಕೊಳ್ಳುವವನು.

ಇದು ಪ್ರೇಮಕಥೆಯೂ ಹೌದು, ಪತ್ತೇದಾರಿ ಎಳೆಯೂ ಇದೆ. ಈ ಎರಡೂ ಓದುಗರಿಂದ ಕೇಳೋದು ಒಂದನ್ನೇ ಅಲ್ಲ, ಒಂದಕ್ಕೊಂದು ವಿರುದ್ಧವಾದದ್ದನ್ನು. ಪತ್ತೇದಾರಿ ಕಥೆ ‘ಯಾರನ್ನೂ ನಂಬಬೇಡ’ ಅನ್ನುತ್ತೆ. ಪ್ರೇಮಕಥೆ ‘ಇವನೊಬ್ಬನನ್ನ ನಂಬು’ ಅನ್ನುತ್ತೆ. ಮೇರಿ ಎರಡರ ಮಧ್ಯೆ ಸಿಕ್ಕಿಬಿದ್ದಿದ್ದಾಳೆ, ಅವಳ ಜೊತೆ ನಾವೂ. ನಮ್ಮ ಚರ್ಚೆಯಲ್ಲಿ ‘ಸ್ಲೋ’ ಅಂದವರು ಪತ್ತೇದಾರಿಗಾಗಿ ಓದಿದವರು. ಪಾದ್ರಿಯನ್ನು ಅವರು ಎರಡನೇ ಭೇಟಿಯಲ್ಲೇ ಹಿಡಿದುಬಿಟ್ಟಿದ್ದರು. ‘ಎಂಡಿಂಗ್ ಇಷ್ಟ ಆಗ್ಲಿಲ್ಲ’ ಅಂದವರು ಪ್ರೇಮಕ್ಕಾಗಿ ಓದಿದವರು. ಒಬ್ಬರೇ ಎರಡನ್ನೂ ಹೇಳಿದ್ದು ಕಡಿಮೆ. ಹಾಗಾಗಿ ಅಭಿಪ್ರಾಯ ಬರೆಯುವಾಗ ಮೊದಲು ನಿಮಗೆ ನೀವೇ ಕೇಳಿಕೊಳ್ಳಿ: ನಾನು ಇದನ್ನು ಯಾವ ಕಥೆ ಅಂದುಕೊಂಡು ಓದಿದೆ?

ಇಲ್ಲಿ ಕನ್ನಡ ನಿಮಗೆ ಒಂದು ಅನುಕೂಲ ಮಾಡಿಕೊಡುತ್ತೆ. ಒಂದು ವಿಷಯ ನಮಗೆ ಹೇಗೆ ಗೊತ್ತಾಯಿತು ಅನ್ನೋದನ್ನು ಕನ್ನಡ ವಾಕ್ಯದ ತುದಿಯಲ್ಲೇ ಹೇಳಿಬಿಡಬಹುದು. ‘ಆ ಮನೇಲಿ ಏನೋ ನಡೆಯುತ್ತಂತೆ’ ಅಂದರೆ ಊರವರ ಮಾತು. ಮೇರಿಯನ್ನು ಕರೆತರುವ ಗಾಡಿಯವನಿಗೆ ಗೊತ್ತಿರೋದು ಅಷ್ಟೇ. ‘ಕೋಣೇಲಿ ಯಾರೋ ಇರಬೇಕು’ ಅಂದರೆ ಸುಳಿವಿನಿಂದ ಮಾಡಿದ ಊಹೆ. ಖಾಲಿ ಇರಬೇಕಾದ ಕೋಣೆಯಲ್ಲಿ ಸದ್ದು ಕೇಳಿದಾಗಿನ ಮೇರಿಯ ಸ್ಥಿತಿ ಇದು. ‘ಇದ್ದಾನೆ’ ಅಂದರೆ ಗೊತ್ತಿದೆ. ಕಾದಂಬರಿಯ ಪತ್ತೇದಾರಿ ಭಾಗ ಪೂರ್ತಿ ಈ ‘ಅಂತೆ’ಯಿಂದ ‘ಇರಬೇಕು’ಗೆ, ಅಲ್ಲಿಂದ ‘ಇದ್ದಾನೆ’ಗೆ ಹೋಗೋ ಪಯಣ. ಜೆಮ್ ವಿಷಯದಲ್ಲಿ ಮಾತ್ರ ಮೇರಿ ‘ಇರಬಹುದಾ?’ ಅನ್ನೋದರಲ್ಲೇ ಬಹಳ ದಿನ ಒದ್ದಾಡ್ತಾಳೆ. ಅಣ್ಣನ ಕೊಲೆಗಡುಕತನದಲ್ಲಿ ತಮ್ಮನಿಗೂ ಪಾಲಿದೆಯಾ? ಇಂಗ್ಲಿಷಿನಲ್ಲಿ ಇದನ್ನು ಹೇಳೋಕೆ ಪ್ರತಿ ಸಲ ಬೇರೆ ಪದ ಸೇರಿಸಬೇಕು. ನಮಗೆ ಪ್ರತ್ಯಯವೇ ಸಾಕು. ನಿಮ್ಮ ಅಭಿಪ್ರಾಯದಲ್ಲಿ ಇವನ್ನು ಬಳಸಿ ನೋಡಿ, ‘ಸಸ್ಪೆನ್ಸ್ ಚೆನ್ನಾಗಿದೆ’ ಅನ್ನೋ ಸವಕಲು ಮಾತು ತಾನಾಗಿಯೇ ಬಿದ್ದುಹೋಗುತ್ತೆ.

ಗುಟ್ಟು ಒಡೆಯುವ ದೃಶ್ಯದ ಬಗ್ಗೆ ಎಲ್ಲರೂ ಒಪ್ಪಿದರು. ಜಾಸ್ ಮತ್ತು ಪೇಷನ್ಸ್ ಇಬ್ಬರೂ ಕೊಲೆಯಾದ ಮೇಲೆ ಮೇರಿ ಪಾದ್ರಿಯ ಮನೆಯಲ್ಲಿದ್ದಾಳೆ. ಮೇಜಿನ ಡ್ರಾಯರ್‌ನಲ್ಲಿ ಅವನೇ ಬರೆದ ಚಿತ್ರವೊಂದು ಸಿಗುತ್ತೆ: ಚರ್ಚಿನಲ್ಲಿ ಕೂತವರಿಗೆಲ್ಲ ಕುರಿಯ ಮುಖ, ಉಪದೇಶ ಮಾಡುವವನಿಗೆ ತೋಳದ ಮುಖ. ಬಂದೂಕು ಇಲ್ಲ, ಕೂಗಾಟ ಇಲ್ಲ. ಇಷ್ಟು ದಿನ ತನ್ನ ಭಯವನ್ನೆಲ್ಲ ಯಾರ ಮುಂದೆ ತೋಡಿಕೊಂಡಳೋ ಅವನೇ ತಂಡದ ಯಜಮಾನ. ನಂಬಿದವನು ಕೊಲೆಗಾರ, ಅನುಮಾನಿಸಿದ ಜೆಮ್ ಕೊನೆಗೆ ಅವಳನ್ನು ಉಳಿಸುವವನು. ಪಾದ್ರಿ ಮೊದಲೇ ಗೊತ್ತಾಗಿದ್ದರೂ ಈ ಪುಟ ಎದೆ ನಡುಗಿಸುತ್ತೆ, ಯಾಕಂದ್ರೆ ಅದು ‘ಯಾರು’ ಅನ್ನೋದಕ್ಕಿಂತ ಮೇರಿಯ ಒಂಟಿತನದ ಬಗ್ಗೆ ಇದೆ. ಹಿಚ್‌ಕಾಕ್ 1939ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಪಾದ್ರಿಯನ್ನು ತೆಗೆದು ಒಬ್ಬ ಜಮೀನ್ದಾರನನ್ನು ಖಳನಾಯಕ ಮಾಡಿದರು. ಆ ಪಾತ್ರ ಚಾರ್ಲ್ಸ್ ಲಾಟನ್ ಅವರದು. ಅವನೇ ಅಪರಾಧಿ ಅಂತ ಪ್ರೇಕ್ಷಕರಿಗೆ ಬೇಗನೇ ತೋರಿಸಿಯೂಬಿಟ್ಟರು. ಎರಡನ್ನೂ ನೋಡಿದ ನನ್ನ ಮತ ಪುಸ್ತಕಕ್ಕೇ. ನಂಬಿಕೆ ಮೋಸ ಹೋಗದೆ ಈ ಕಥೆಗೆ ಬೆನ್ನೆಲುಬಿಲ್ಲ.

ಈಗ ನಮ್ಮಲ್ಲಿ ಮಾತ್ರ ಎದ್ದ ಒಂದು ಪ್ರಶ್ನೆ. ಪೇಷನ್ಸ್‌ಳನ್ನು ಕನ್ನಡದಲ್ಲಿ ಏನಂತ ಕರೀಬೇಕು? ಇಂಗ್ಲಿಷಿನ ‘ಆಂಟ್’ ಏನೂ ಹೇಳಲ್ಲ. ಕನ್ನಡಕ್ಕೆ ಬಂದ ಕೂಡಲೇ ದೊಡ್ಡಮ್ಮನೋ ಚಿಕ್ಕಮ್ಮನೋ ತೀರ್ಮಾನ ಆಗಬೇಕು. ಚಿಕ್ಕಮ್ಮ ಅಂತ ಇಟ್ಟುಕೊಂಡರೆ ಜಾಸ್ ಚಿಕ್ಕಪ್ಪ. ಹಾಗಾದ್ರೆ ಜಾಸ್‌ನ ತಮ್ಮ ಜೆಮ್? ವರಸೆಯಲ್ಲಿ ಅವನೂ ಚಿಕ್ಕಪ್ಪ! ಸೋದರಮಾವನನ್ನು ಮದುವೆಯಾದವರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ, ಅದಕ್ಕೆ ಯಾರೂ ಹುಬ್ಬೇರಿಸಲ್ಲ. ಚಿಕ್ಕಪ್ಪನ ವರಸೆಯವನು ಅಂದರೆ ಮಾತ್ರ ಅಜ್ಜಿ ಎದ್ದು ನಿಲ್ತಾರೆ. ಇಂಗ್ಲಿಷ್ ಓದುಗರಿಗೆ ಇದು ತಲೆಗೇ ಬರಲ್ಲ, ಅವರಿಗೆ ಜೆಮ್ ಬರೀ ಬೇರೆ ಮನೆತನದ ಹುಡುಗ. ನಗುವ ವಿಷಯ ಅನ್ನಿಸಿದರೂ ಇದು ಗಟ್ಟಿ ಓದುಗ ಅಭಿಪ್ರಾಯವೇ. ಮೇರಿಗೆ ಜೆಮ್ ಮೇಲಿರೋ ಅಳುಕಿನಲ್ಲಿ ‘ಇವನು ಅದೇ ರಕ್ತ’ ಅನ್ನೋ ಭಯ ಪುಸ್ತಕದಲ್ಲೂ ಇದೆ. ಜೆಮ್ ನಕ್ಕಾಗ ಅವಳಿಗೆ ಜಾಸ್ ಕಾಣ್ತಾನೆ. ಸಂಬಂಧವಾಚಕ ಹಾಕಿದ ತಕ್ಷಣ ಆ ಭಯ ಕನ್ನಡದಲ್ಲಿ ಇನ್ನಷ್ಟು ಹತ್ತಿರಕ್ಕೆ ಬರುತ್ತೆ.

‘ಐತಿಹಾಸಿಕ’ ಅನ್ನೋ ಪದವನ್ನೂ ಸ್ವಲ್ಪ ತೂಗಿ ಬಳಸಿ. ತಂಗುಮನೆ ನಿಜ, 18ನೇ ಶತಮಾನದ್ದು, ಬೋಲ್‌ವೆಂಟರ್‌ನಲ್ಲಿ ಇಂದಿಗೂ ಇದೆ. ಲೇಖಕಿ 1930ರಲ್ಲಿ ಅಲ್ಲಿ ತಂಗಿದ್ದರು, ಗೆಳತಿಯ ಜೊತೆ ಕುದುರೆ ಸವಾರಿಗೆ ಹೋಗಿ ಬಯಲಿನಲ್ಲಿ ದಾರಿಯನ್ನೂ ತಪ್ಪಿದ್ದರು. ಕಾರ್ನ್‌ವಾಲ್‌ನಲ್ಲಿ ಕಳ್ಳಸಾಗಣೆ ಇದ್ದದ್ದೂ, ಒಡೆದ ಹಡಗಿನ ಸರಕನ್ನು ದಡದ ಜನ ಹೊತ್ತೊಯ್ದದ್ದೂ ದಾಖಲೆಗಳಲ್ಲಿ ಬೇಕಾದಷ್ಟಿದೆ. ಸುಳ್ಳು ದೀಪ ತೋರಿಸೋದಕ್ಕೆ ಮರಣದಂಡನೆ ಅಂತ 1753ರಲ್ಲಿ ಕಾನೂನೂ ಬಂತು. ಆದರೆ ಬೇಕೆಂದೇ ದೀಪ ತೋರಿಸಿ ಹಡಗು ಒಡೆಯುತ್ತಿದ್ದರು ಅನ್ನೋದಕ್ಕೆ ಪುರಾವೆ ಬಹಳ ಕಡಿಮೆ ಅನ್ನುತ್ತಾರೆ 1700ರಿಂದ 1860ರವರೆಗಿನ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರ್ತಿ ಕ್ಯಾಥ್ರಿನ್ ಪಿಯರ್ಸ್. ಅಂದರೆ ಕಾದಂಬರಿಯ ಅತ್ಯಂತ ಘೋರ ಭಾಗ ಬಹುಮಟ್ಟಿಗೆ ‘ಅಂತೆ’ಗೆ ಸೇರಿದ್ದು. ಕಾದಂಬರಿಗೆ ಅದು ತಪ್ಪಲ್ಲ. ಇದನ್ನು ಓದಿ ‘ಕಾರ್ನ್‌ವಾಲ್‌ನವರು ಹೀಗಿದ್ದರು’ ಅಂತ ಬರೆದರೆ ಮಾತ್ರ ತಪ್ಪು.

ಇನ್ನೊಂದು ಆಕ್ಷೇಪ ಬಂತು, ನ್ಯಾಯವಾದದ್ದು. ಪಾದ್ರಿ ಡೇವಿಗೆ ಹುಟ್ಟಿನಿಂದ ಆಲ್ಬಿನಿಸಂ ಇದೆ. ಲೇಖಕಿ ಅವನ ಬಿಳಿ ಕೂದಲು, ಬಣ್ಣವಿಲ್ಲದ ಕಣ್ಣುಗಳನ್ನು ಮತ್ತೆ ಮತ್ತೆ ತೋರಿಸಿ ಓದುಗರಲ್ಲಿ ಅನುಮಾನ ಹುಟ್ಟಿಸುತ್ತಾರೆ. ದೇಹದ ಒಂದು ಸ್ಥಿತಿಯನ್ನೇ ಕೆಡುಕಿನ ಗುರುತು ಮಾಡಿದ್ದು ನನಗೂ ಹಿಡಿಸಲಿಲ್ಲ, ಪತ್ತೇದಾರಿಯ ದೃಷ್ಟಿಯಿಂದಲೂ ಅದು ಸೋಮಾರಿ ಸುಳಿವು. ಬರೆಯುವಾಗ ಪದ ನೋಡಿಕೊಳ್ಳಿ: ಒಬ್ಬರು ‘ತೊನ್ನು’ ಅಂತ ಬರೆದಿದ್ದರು. ತೊನ್ನು ಬೇರೆ, ಅದು ಆಮೇಲೆ ಚರ್ಮದ ಮೇಲೆ ಅಲ್ಲಲ್ಲಿ ಬಣ್ಣ ಹೋಗುವುದು. ಸರಿಯಾದ ಕನ್ನಡ ಪದ ಗೊತ್ತಿಲ್ಲದಿದ್ದರೆ ‘ಹುಟ್ಟಿನಿಂದಲೇ ಚರ್ಮಕ್ಕೂ ಕೂದಲಿಗೂ ಬಣ್ಣ ಇಲ್ಲದವನು’ ಅಂತ ಬಿಡಿಸಿ ಬರೆಯಿರಿ.

ಉಳಿದದ್ದು ಆ ಎಂಡಿಂಗ್. ಎಲ್ಲ ಮುಗಿದ ಮೇಲೆ ಮೇರಿಗೆ ಒಳ್ಳೇ ಮನೆಯೊಂದರಲ್ಲಿ ಆಶ್ರಯ ಸಿಗುವಂತಿದೆ. ಅವಳ ಆಸೆ ಹೆಲ್‌ಫರ್ಡ್‌ಗೆ ಹೋಗಿ ಹೊಲ ನೋಡಿಕೊಂಡು ಇರೋದು. ದಾರಿಯಲ್ಲಿ ಸಾಮಾನು ತುಂಬಿದ ಗಾಡಿಯ ಜೊತೆ ಜೆಮ್ ಎದುರಾಗ್ತಾನೆ. ಅವನು ಹೊರಟಿರೋದು ಅವಳ ಊರಿಗೆ ಬೆನ್ನು ಹಾಕಿ. ಅವನು ಚಿನ್ನದಂಥ ಮಾತೇನೂ ಆಡಲ್ಲ, ಕಷ್ಟ ಇದೆ ಅಂತಲೇ ಹೇಳ್ತಾನೆ. ಅವಳು ಗಾಡಿ ಹತ್ತುತ್ತಾಳೆ. ‘ಇಷ್ಟೆಲ್ಲ ಧೈರ್ಯ ತೋರಿಸಿದ ಹುಡುಗಿ ಕೊನೆಗೆ ಕುದುರೆ ಕಳ್ಳನ ಹಿಂದೆ ಹೋದಳಾ? ಚಿಕ್ಕಮ್ಮನ ಪಾಡು ಕಣ್ಣಾರೆ ಕಂಡ ಮೇಲೂ?’ ಅಂತ ಸಿಟ್ಟಾದವರಿದ್ದಾರೆ. ಪೇಷನ್ಸ್ ಕೂಡ ಒಂದು ಕಾಲದಲ್ಲಿ ನಗುನಗುತ್ತಾ ಜಾಸ್‌ನ ಜೊತೆ ಬಂದವಳೇ ಅನ್ನೋದು ಅವರ ವಾದದ ಬಲ, ಅದನ್ನು ತಳ್ಳಿಹಾಕೋಕೆ ಆಗಲ್ಲ. ಇನ್ನೊಂದು ಪಕ್ಷ: ಮೊದಲ ಅಧ್ಯಾಯದಲ್ಲಿ ಅವಳು ಗಾಡಿ ಹತ್ತಿದ್ದು ಸಾಯುತ್ತಿದ್ದ ತಾಯಿಗೆ ಕೊಟ್ಟ ಮಾತಿಗಾಗಿ; ಕೊನೆಯಲ್ಲಿ ಹತ್ತಿದ್ದು ಯಾರೂ ಹೇಳದೆ. ನಾನು ಎರಡನೇ ಪಕ್ಷ, ಆದರೂ ಅವಳ ಮುಂದಿನ ಹತ್ತು ವರ್ಷದ ಬಗ್ಗೆ ನನಗೆ ಧೈರ್ಯ ಇಲ್ಲ. ಮನೆಯವರು ಬೇಡ ಅಂದ ಊರಿಗೋ, ಬೇಡ ಅಂದವರ ಜೊತೆಗೋ ಹೋಗೋ ತೀರ್ಮಾನ ನಮ್ಮಲ್ಲೂ ಕೆಲವರ ಮುಂದೆ ಇದೆ. ಚರ್ಚೆ ಅಷ್ಟು ಬಿಸಿಯಾಗಿದ್ದು ಅದಕ್ಕೇ ಇರಬೇಕು.

ಅಭ್ಯಾಸಕ್ಕೆ: ಮೇರಿ ಗಾಡಿ ಹತ್ತಿದ ರಾತ್ರಿ ಹೆಲ್‌ಫರ್ಡ್‌ನ ನೆರೆಯವಳೊಬ್ಬಳು ಸುದ್ದಿ ಹೇಳೋ ಹಾಗೆ ಹತ್ತು ವಾಕ್ಯ ಬರೆಯಿರಿ. ಮೊದಲ ಮೂರು ‘ಅಂತೆ’ಯಲ್ಲಿ, ಮುಂದಿನ ಮೂರು ‘ಇರಬೇಕು’ ಅಥವಾ ‘ಇರಬಹುದು’ನಲ್ಲಿ. ಉಳಿದ ನಾಲ್ಕು ನಿಮ್ಮ ಸ್ವಂತ ಅಭಿಪ್ರಾಯ, ‘ಚೆನ್ನಾಗಿದೆ’ ಅನ್ನೋ ಪದ ಒಂದು ಸಲವೂ ಬರದ ಹಾಗೆ.